ಕ್ಲೈಮ್ಯಾಕ್ಸ್‌ನಲ್ಲಿ ನಮ್ಮ ಇನ್‌ಸ್ಪೆಕ್ಟರ್ ಲೆಸ್ಟರ್‌ಗೆ ಹೋಗಿ ಕೈಕೋಳ ಹಾಕಬಹುದಾ?

ಪ್ರಶ್ನೆ: ನಾನೊಂದು ಕ್ರೈಂ ಕಾಮಿಡಿ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಬೆಂಗಳೂರಿನ ಒಬ್ಬ ರೌಡಿ ಬಾಸ್, ಅವನಿಗೆ ಇಬ್ಬರು ಶಿಷ್ಯರು. ಒಂದು ಕೊಲೆ ಕೇಸು, ಕೆಲವು ಸುಲಿಗೆ ಕೇಸು ಮೈಮೇಲೆ ಬಿದ್ದಾಗ ವಿಸಿಟರ್ ವೀಸಾದಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಹಾರುತ್ತಾರೆ. ಅಲ್ಲಿ ಬಾಸ್‌ನ ಚಿಕ್ಕಮ್ಮ, ಚಿಕ್ಕಪ್ಪ ಅಂಗಡಿ ಇಟ್ಟುಕೊಂಡಿದ್ದಾರೆ. ಚಿಕ್ಕಮ್ಮ ಬಲು ಶಿಸ್ತು. ಪಾತ್ರೆ ತೊಳೆಸುತ್ತಾರೆ, ಅಂಗಡಿಯಲ್ಲಿ ಮೂಟೆ ಹೊರೆಸುತ್ತಾರೆ, ರಾತ್ರಿ ಒಂಬತ್ತಕ್ಕೆ ವೈಫೈ ಆಫ್. ಓದಿದವರೆಲ್ಲ ನಕ್ಕಿದ್ದಾರೆ. ಕೊನೆ ಮಾತ್ರ ಕೂರುತ್ತಿಲ್ಲ. ಈಗಿರುವುದು ಇಷ್ಟು: ಮನೆಯ ಗಣೇಶನ ಹಬ್ಬಕ್ಕೆ ನಮ್ಮ ಇನ್‌ಸ್ಪೆಕ್ಟರ್ ಪುರೋಹಿತರ ವೇಷದಲ್ಲಿ ಬರುತ್ತಾನೆ, ಇಂಟರ್‌ಪೋಲ್ ರೆಡ್ ನೋಟಿಸ್ ತೋರಿಸಿ ಮೂವರಿಗೂ ಕೈಕೋಳ ಹಾಕುತ್ತಾನೆ, ಕಟ್ ಮಾಡಿದರೆ ಪರಪ್ಪನ ಅಗ್ರಹಾರ. ಲಂಡನ್ನಿನ ಸ್ನೇಹಿತನೊಬ್ಬ ಈ ಸೀನ್ ಓದಿ, ನಗಬಾರದ ಜಾಗದಲ್ಲಿ ನಕ್ಕ. ನಿರ್ಮಾಪಕರು ಮಾತ್ರ, ಅವರು ಜೈಲಿಗೆ ಹೋಗದಿದ್ದರೆ ಸೆನ್ಸಾರ್ ಆಗಲ್ಲ ಅನ್ನುತ್ತಿದ್ದಾರೆ. ಈ ಕೊನೆ ಕಾನೂನಿನಲ್ಲಿ ಸಾಧ್ಯವಾ? ಚಿಕ್ಕಮ್ಮನ ಮೇಲೂ ಕೇಸ್ ಬೀಳುತ್ತಾ? ಬೇರೆ ಹೇಗೆ ಮುಗಿಸಬಹುದು?

ಉತ್ತರ: ನಿಮ್ಮ ಸ್ನೇಹಿತ ನಕ್ಕಿದ್ದು ಸರಿಯಾಗಿಯೇ ಇದೆ. ಆ ಸೀನ್ ನಿಜವಾಗಿ ನಡೆದರೆ ಲೆಸ್ಟರ್ ಪೊಲೀಸರು ಮೊದಲು ಹಿಡಿದುಕೊಂಡು ಹೋಗುವುದು ನಿಮ್ಮ ಇನ್‌ಸ್ಪೆಕ್ಟರನ್ನು. ಅಧಿಕಾರವೇ ಇಲ್ಲದ ದೇಶದಲ್ಲಿ ಮೂವರನ್ನು ಕಟ್ಟಿಹಾಕಿದರೆ ಅದು ಅಪಹರಣ.

ನಾನು ಕ್ರಿಮಿನಲ್ ವಕೀಲ. ಕೋರ್ಟಿನ ಕೆಲಸದ ನಡುವೆ ಸ್ಕ್ರಿಪ್ಟ್‌ಗಳಲ್ಲಿ ಕಾನೂನು ಸರಿಯಿದೆಯಾ ಅಂತ ನೋಡಿಕೊಡುತ್ತೇನೆ. ನೀವು ಎರಡು ತೊಂದರೆ ಹೇಳಿದ್ದೀರಿ: ಕೊನೆ ಕಾನೂನಿಗೆ ಹೊಂದುತ್ತಿಲ್ಲ, ಕತೆಗೂ ಹೊಂದುತ್ತಿಲ್ಲ. ನನ್ನ ಪ್ರಕಾರ ಎರಡಕ್ಕೂ ಕಾರಣ ಒಂದೇ. ಒಂದೂವರೆ ಗಂಟೆ ಚಿಕ್ಕಮ್ಮ ನಡೆಸಿದ ಕತೆಯನ್ನು ಕೊನೇ ಹತ್ತು ನಿಮಿಷಕ್ಕೆ ಇನ್‌ಸ್ಪೆಕ್ಟರ್ ಕೈಗೆ ಕೊಟ್ಟಿದ್ದೀರಿ. ಕಾನೂನು ಅಷ್ಟು ಬೇಗ ಯಾವ ಕತೆಯನ್ನೂ ಮುಗಿಸಲ್ಲ. ಆದರೆ ಅದರ ನಿಧಾನವೇ ನಿಮ್ಮಂಥ ಕತೆಗೆ ಒಳ್ಳೆಯ ಸರಕು.

ಸೆನ್ಸಾರ್ ವಿಷಯ ಮೊದಲು ಮುಗಿಸಿಬಿಡೋಣ. ಅಪರಾಧಿಗೆ ಕೊನೆಯಲ್ಲಿ ಶಿಕ್ಷೆ ಆಗಲೇಬೇಕು ಅನ್ನುವ ನಿಯಮ ನಮ್ಮಲ್ಲಿ ಇಲ್ಲ. ಹಾಲಿವುಡ್‌ನಲ್ಲಿ 1934ರಿಂದ 1968ರವರೆಗೆ ಬಿಗಿಯಾಗಿ ನಡೆದ ಪ್ರೊಡಕ್ಷನ್ ಕೋಡ್‌ನಲ್ಲಿ ಆ ಥರದ ಕಟ್ಟುಪಾಡು ಇತ್ತು. ನಮ್ಮ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಬಂದಿರುವ 1991ರ ಮಾರ್ಗಸೂಚಿ ಕೇಳುವುದು ಬೇರೆ: ಹಿಂಸೆಯನ್ನು ವೈಭವೀಕರಿಸಬೇಡಿ, ಅಪರಾಧ ಮಾಡುವ ವಿಧಾನವನ್ನು ಬೇರೆಯವರಿಗೆ ಪ್ರೇರಣೆಯಾಗುವ ಹಾಗೆ ತೋರಿಸಬೇಡಿ. ಹಾಗಾಗಿ ನಿಮ್ಮ ಸಿನಿಮಾದಲ್ಲಿ ಸೆನ್ಸಾರ್ ಕಣ್ಣು ಬೀಳುವುದು ಕ್ಲೈಮ್ಯಾಕ್ಸ್ ಮೇಲಲ್ಲ, ಮೊದಲರ್ಧದ ಸುಲಿಗೆ ಸೀನ್‌ಗಳ ಮೇಲೆ. ನಿರ್ಮಾಪಕರಿಗೆ ಧೈರ್ಯವಾಗಿ ಹೇಳಿ.

ಈಗ ರೆಡ್ ನೋಟಿಸ್. ಸಿನಿಮಾಗಳು ಅದನ್ನು ಜಗತ್ತಿಗೆಲ್ಲ ನಡೆಯುವ ಅರೆಸ್ಟ್ ವಾರಂಟ್ ಮಾಡಿಟ್ಟಿವೆ. ಅದು ವಾರಂಟ್ ಅಲ್ಲವೇ ಅಲ್ಲ. 'ಈ ವ್ಯಕ್ತಿ ಎಲ್ಲಿದ್ದಾನೆ ಪತ್ತೆ ಮಾಡಿ, ಸಾಧ್ಯವಾದರೆ ಹಸ್ತಾಂತರದ (ಆರೋಪಿಯನ್ನು ಅವನ ಮೇಲೆ ಕೇಸಿರುವ ದೇಶಕ್ಕೆ ಒಪ್ಪಿಸುವ) ಕೆಲಸ ಮುಗಿಯುವವರೆಗೆ ಹಿಡಿದಿಡಿ' ಅಂತ ಸದಸ್ಯ ದೇಶಗಳಿಗೆ ಹೋಗುವ ಕೋರಿಕೆ, ಅಷ್ಟೇ. ಅದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಇಂಟರ್‌ಪೋಲ್‌ಗೆ ಕೈಕೋಳ ಹಾಕುವ ಪೊಲೀಸರೂ ಇಲ್ಲ. ಅದರ ಮುಖ್ಯ ಕಚೇರಿ ಫ್ರಾನ್ಸಿನ ಲಿಯೋನ್‌ನಲ್ಲಿದೆ, ನಮ್ಮ ಕಡೆಯಿಂದ ಅದರ ಜೊತೆ ವ್ಯವಹರಿಸುವುದು ಸಿಬಿಐ. ಭಾರತದ ಕೇಸಿನಲ್ಲಿ ಬ್ರಿಟನ್ ಪೊಲೀಸರು ಒಬ್ಬನನ್ನು ಹಸ್ತಾಂತರಕ್ಕಾಗಿ ಬಂಧಿಸಬೇಕಾದರೆ ಅಲ್ಲಿನ ಜಡ್ಜ್ ಸಹಿ ಹಾಕಿದ ವಾರಂಟ್ ಬೇಕು.

ಆ ವಾರಂಟ್ ಹುಟ್ಟುವ ದಾರಿ ನೋಡಿ. ಬೆಂಗಳೂರು ಪೊಲೀಸರು ಫೈಲ್ ತಯಾರು ಮಾಡಬೇಕು. ಅದು ದೆಹಲಿಗೆ ಹೋಗಿ, ವಿದೇಶಾಂಗ ಇಲಾಖೆ ಮೂಲಕ ಬ್ರಿಟನ್ನಿನ ಹೋಂ ಆಫೀಸ್ ತಲುಪಬೇಕು. ಕೋರಿಕೆ ಕ್ರಮವಾಗಿದೆ ಅಂತ ಅಲ್ಲಿಂದ ಸರ್ಟಿಫಿಕೇಟ್ ಆದ ಮೇಲೆ ಕೋರ್ಟ್ ವಾರಂಟ್ ಹೊರಡಿಸುತ್ತದೆ. ಬಂಧನವಾದ ಮೇಲೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ವಿಚಾರಣೆ. ಭಾರತದ ಪರವಾಗಿ ವಾದಿಸುವುದು ಅಲ್ಲಿನ ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್. ಆರೋಪ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು, ಎರಡೂ ಕಡೆ ಕನಿಷ್ಠ ಒಂದು ವರ್ಷ ಶಿಕ್ಷೆಗೆ ಅರ್ಹವಾಗಿರಬೇಕು. ಮೇಲ್ನೋಟಕ್ಕೆ ಕೇಸ್ ಇದೆ ಅನ್ನಿಸುವಷ್ಟು ಸಾಕ್ಷ್ಯ ಬೇಕು. ಜೈಲು ಮನುಷ್ಯರು ಇರುವ ಹಾಗಿದೆಯಾ ಅಂತಲೂ ಕೋರ್ಟ್ ನೋಡುತ್ತದೆ. ಗಲ್ಲು ಶಿಕ್ಷೆಗೆ ಅವಕಾಶವಿರುವ ಕೇಸಾದರೆ ಗಲ್ಲಿಗೆ ಹಾಕುವುದಿಲ್ಲ ಅಂತ ಭಾರತ ಭರವಸೆ ಕೊಡಬೇಕು. ಜಡ್ಜ್ ಒಪ್ಪಿದರೆ ಹೋಂ ಸೆಕ್ರೆಟರಿ ಸಹಿ, ಆಮೇಲೆ ಹೈಕೋರ್ಟಿಗೆ ಮೇಲ್ಮನವಿ. ನಡುವೆ ಆರೋಪಿ ಆಶ್ರಯ ಕೋರಿ ಅರ್ಜಿ ಹಾಕಿದರೆ ಅದು ತೀರ್ಮಾನ ಆಗುವವರೆಗೆ ಕಳಿಸುವ ಹಾಗಿಲ್ಲ.

ಇದೆಲ್ಲ ಎಷ್ಟು ಕಾಲ ಅಂದರೆ, ವಿಜಯ್ ಮಲ್ಯ ಪ್ರಕರಣವನ್ನೇ ನೋಡಿ. 2017ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಬಂಧನ, ಅವತ್ತೇ ಜಾಮೀನು. 2018ರಲ್ಲಿ ಜಡ್ಜ್ ಮುಂಬೈನ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್‌ನ ವಿಡಿಯೊ ತರಿಸಿ ಗಾಳಿ ಬೆಳಕು ನೋಡಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಹಸ್ತಾಂತರಕ್ಕೆ ಒಪ್ಪಿಗೆ, 2019ರ ಫೆಬ್ರವರಿಯಲ್ಲಿ ಹೋಂ ಸೆಕ್ರೆಟರಿ ಆದೇಶ, 2020ರ ಏಪ್ರಿಲ್‌ನಲ್ಲಿ ಹೈಕೋರ್ಟಿನಲ್ಲಿ ಮೇಲ್ಮನವಿ ವಜಾ. ಅದಾದ ಮೇಲೂ ವರ್ಷಗಟ್ಟಲೆ ಹಸ್ತಾಂತರ ಆಗಲಿಲ್ಲ. ಪರಪ್ಪನ ಅಗ್ರಹಾರದ ಒಳಗೆ ವಿಡಿಯೊ ಮಾಡಲು ಹೋದ ಸರ್ಕಾರಿ ಕ್ಯಾಮೆರಾಮನ್, ಅವನ ಮುಂದೆ ಗೋಡೆಗೆ ಅರ್ಜೆಂಟಾಗಿ ಸುಣ್ಣ ಹೊಡೆಯುತ್ತಿರುವ ಕೈದಿಗಳು... ಈ ಸೀನ್ ನಿಮಗೆ ಬಿಟ್ಟಿ ಕೊಡುತ್ತಿದ್ದೇನೆ.

ಭಾರತ ಮತ್ತು ಬ್ರಿಟನ್ ನಡುವಿನ ಒಪ್ಪಂದಕ್ಕೆ ಸಹಿ ಬಿದ್ದದ್ದು 1992ರಲ್ಲಿ, ಜಾರಿಗೆ ಬಂದದ್ದು 1993ರಲ್ಲಿ. ಅದರಡಿ ಬ್ರಿಟನ್ನಿನಿಂದ ಮೊದಲ ಆರೋಪಿ ಭಾರತಕ್ಕೆ ಬಂದದ್ದು 2016ರಲ್ಲಿ. ಆ ಮನುಷ್ಯ ಕೂಡ ವಿರೋಧ ಮಾಡದೆ, ಒಪ್ಪಿಕೊಂಡು ಬಂದವನು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಾಗಂತ ನಮ್ಮ ಪೊಲೀಸರು ವಿದೇಶಕ್ಕೆ ಹೋಗಿ ಯಾರನ್ನೂ ತಂದೇ ಇಲ್ಲ ಅಂತಲ್ಲ. ಭೂಗತ ಪಾತಕಿ ಬನ್ನಂಜೆ ರಾಜನನ್ನು 2015ರಲ್ಲಿ ಮೊರಾಕ್ಕೊದಿಂದ ತಂದರು. ರವಿ ಪೂಜಾರಿ 2019ರ ಜನವರಿಯಲ್ಲಿ ಸೆನೆಗಲ್‌ನಲ್ಲಿ ಸಿಕ್ಕಿಬಿದ್ದ. ಬೇರೆ ಹೆಸರು, ಬುರ್ಕಿನಾ ಫಾಸೊ ದೇಶದ ಪಾಸ್‌ಪೋರ್ಟ್, ಜೊತೆಗೆ ಹೋಟೆಲ್ ವ್ಯವಹಾರ. ಜಾಮೀನು ಸಿಕ್ಕ ಮೇಲೆ ಅಲ್ಲಿಂದಲೂ ಓಡಿದ, ದಕ್ಷಿಣ ಆಫ್ರಿಕಾದಲ್ಲಿ ಮತ್ತೆ ಸಿಕ್ಕ, 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂದ. ಎರಡರಲ್ಲೂ ಗಮನಿಸಬೇಕಾದ್ದು ಏನಂದರೆ, ಹಿಡಿದದ್ದು ಅಲ್ಲಿನ ಪೊಲೀಸರು. ಕಾಗದಪತ್ರ ಮುಗಿದ ಮೇಲೆ ನಮ್ಮವರು ಹೋಗಿ ಕರೆದುಕೊಂಡು ಬಂದರು. ನಿಮ್ಮ ಇನ್‌ಸ್ಪೆಕ್ಟರ್‌ಗೆ ಕಾನೂನು ಕೊಡುವ ಪಾತ್ರ ಇಷ್ಟೇ: ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಕೂರುವುದು.

ಇನ್ನು ಚಿಕ್ಕಮ್ಮ. ಓದುಗರು ಸಾಮಾನ್ಯವಾಗಿ ಎರಡು ತಪ್ಪು ಕಲ್ಪನೆ ಇಟ್ಟುಕೊಂಡಿರುತ್ತಾರೆ. ಸಂಬಂಧಿಕರು ಮನೆಯಲ್ಲಿ ಇಟ್ಟುಕೊಂಡರೆ ತಪ್ಪಲ್ಲ ಅನ್ನುವುದು ಒಂದು. ಇಟ್ಟುಕೊಂಡ ತಕ್ಷಣ ಜೈಲು ಅನ್ನುವುದು ಇನ್ನೊಂದು. ಎರಡೂ ಸರಿಯಲ್ಲ.

ಹಳೇ ದಂಡ ಸಂಹಿತೆಯ ಬದಲಿಗೆ 2024ರ ಜುಲೈನಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯ 249ನೇ ಸೆಕ್ಷನ್ ಪ್ರಕಾರ, ಅಪರಾಧಿ ಅಂತ ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣ ಇದ್ದು, ಶಿಕ್ಷೆಯಿಂದ ತಪ್ಪಿಸುವ ಉದ್ದೇಶದಿಂದ ಬಚ್ಚಿಟ್ಟರೆ ಅದು ಅಪರಾಧ. ಗೊತ್ತಿಲ್ಲದೆ 'ಪಾಪ, ಅಕ್ಕನ ಮಗ ಬಂದಿದಾನೆ' ಅಂತ ಊಟ ಹಾಕಿದರೆ ಅಪರಾಧ ಅಲ್ಲ. ಅಂದರೆ ನಿಮ್ಮ ಸ್ಕ್ರಿಪ್ಟಿನಲ್ಲಿ ಚಿಕ್ಕಮ್ಮನಿಗೆ ಸತ್ಯ ಗೊತ್ತಾಗುವ ಸೀನ್ ಯಾವುದೋ, ಅಲ್ಲಿಂದ ಅವರ ಸ್ಥಾನ ಬದಲಾಗುತ್ತದೆ. ನೀವು ಅದನ್ನು ಇಂಟರ್‌ವಲ್‌ನಲ್ಲಿ ಇಟ್ಟಿದ್ದೀರಿ ಅಂದುಕೊಳ್ಳುತ್ತೇನೆ. ಹಾಗಿದ್ದರೆ ದ್ವಿತೀಯಾರ್ಧದ ಪ್ರತಿ ಊಟಕ್ಕೂ ಒಂದು ಅಪಾಯ ಅಂಟಿಕೊಂಡಿದೆ. ಸಂಘಟಿತ ಅಪರಾಧದ ಆರೋಪ ಇದ್ದರೆ ಇನ್ನೂ ಬಿಗಿ. ಅದೇ ಸಂಹಿತೆಯ 111ನೇ ಸೆಕ್ಷನ್ ಬಚ್ಚಿಟ್ಟವರಿಗೆ ಕನಿಷ್ಠ 3 ವರ್ಷದಿಂದ ಜೀವಾವಧಿವರೆಗೆ ಜೈಲು, ಕನಿಷ್ಠ 5 ಲಕ್ಷ ರೂಪಾಯಿ ದಂಡ ಹೇಳುತ್ತದೆ.

ಇಲ್ಲೊಂದು ಮಜಾ ಇದೆ. ಈ ಎರಡೂ ಸೆಕ್ಷನ್‌ಗಳಲ್ಲಿ ಗಂಡ ಅಥವಾ ಹೆಂಡತಿಗೆ ವಿನಾಯಿತಿ ಉಂಟು. ಬೇರೆ ಯಾವ ಸಂಬಂಧಕ್ಕೂ ಇಲ್ಲ. ಹೆತ್ತ ತಾಯಿಗೂ ಇಲ್ಲ, ಚಿಕ್ಕಮ್ಮನಿಗಂತೂ ಇಲ್ಲವೇ ಇಲ್ಲ. ಶಿಷ್ಯರಲ್ಲಿ ಒಬ್ಬನಿಗೆ ಅಲ್ಲೇ ಹುಡುಗಿ ನೋಡಿ, 'ಮದುವೆ ಆದರೆ ಅವಳು ನಿನ್ನ ಬಚ್ಚಿಡಬಹುದು ಕಣೋ' ಅಂತ ಬಾಸ್ ಒತ್ತಾಯ ಮಾಡುವ ಉಪಕತೆ ಹುಟ್ಟುತ್ತೆ, ಬೇಕಿದ್ದರೆ.

ಚಿಕ್ಕಮ್ಮನ ಪೌರತ್ವ ಯಾವುದು ಅಂತ ನೀವು ತೀರ್ಮಾನಿಸಲೇಬೇಕು. ಅವರಿನ್ನೂ ಭಾರತದ ಪ್ರಜೆ ಆಗಿದ್ದರೆ ಲೆಸ್ಟರ್‌ನಲ್ಲಿ ಮಾಡಿದ್ದಕ್ಕೂ ನಮ್ಮ ಸಂಹಿತೆ ಅನ್ವಯಿಸುತ್ತದೆ. ಆದರೆ ಇಲ್ಲಿ ವಿಚಾರಣೆ ನಡೆಸಲು ಕೇಂದ್ರ ಸರ್ಕಾರದ ಅನುಮತಿ ಬೇಕು. ಬ್ರಿಟಿಷ್ ಪ್ರಜೆ ಆಗಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇಟ್ಟುಕೊಂಡಿದ್ದರೆ, ತಮ್ಮ ಮನೆಯಲ್ಲಿ ಊಟ ಹಾಕಿ ಮಲಗಿಸಿದ್ದಕ್ಕೆ ಈ ಸೆಕ್ಷನ್‌ಗಳು ಅವರನ್ನು ಮುಟ್ಟುವುದಿಲ್ಲ. ಒಸಿಐ ಇದ್ದ ಮಾತ್ರಕ್ಕೆ ಭಾರತದ ಪೌರತ್ವ ಬರಲ್ಲ.

ನಿಜ ಹೇಳಬೇಕೆಂದರೆ ಈ ದಂಪತಿಗೆ ಹತ್ತಿರದ ಅಪಾಯ ಬೆಂಗಳೂರಿನಿಂದ ಬರುವುದಲ್ಲ. ವಿಸಿಟರ್ ವೀಸಾ ಸಾಮಾನ್ಯವಾಗಿ 6 ತಿಂಗಳು, ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟುಕೊಂಡದ್ದು ಸಿಕ್ಕಿಬಿದ್ದರೆ ಮಾಲೀಕರಿಗೆ ಮೊದಲ ಸಲಕ್ಕೇ ತಲಾ 45,000 ಪೌಂಡ್‌ವರೆಗೆ ದಂಡ. ಮೂವರಿಗೆ ಲೆಕ್ಕ ಹಾಕಿ. ವೀಸಾ ಮುಗಿದ ಮೇಲೂ ಗೊತ್ತಿದ್ದೇ ಉಳಿಸಿಕೊಂಡರೆ ಅಲ್ಲಿನ 1971ರ ಇಮಿಗ್ರೇಷನ್ ಕಾಯ್ದೆಯಡಿ ಕ್ರಿಮಿನಲ್ ಕೇಸೂ ಆಗಬಹುದು. ಕೊಲೆ ಕೇಸಿಗೆ ಹೆದರದ ಚಿಕ್ಕಪ್ಪ ಈ ದಂಡದ ಕಾಗದ ಓದಿ ತಲೆ ಸುತ್ತಿ ಬೀಳುವುದು ನೂರಕ್ಕೆ ನೂರು ನಂಬುವಂಥದ್ದು.

ಸರಿ, ಹೇಗೆ ಮುಗಿಸುವುದು? ನನಗೆ ಎಲ್ಲಕ್ಕಿಂತ ಇಷ್ಟವಾಗುವ ದಾರಿ ಜಾಮೀನಿನದು. ಹಸ್ತಾಂತರದ ಕೇಸಿನಲ್ಲಿ ಬ್ರಿಟನ್ ಕೋರ್ಟ್ ಜಾಮೀನು ಕೊಟ್ಟರೆ ಷರತ್ತುಗಳ ಪಟ್ಟಿಯೇ ಇರುತ್ತದೆ. ಪಾಸ್‌ಪೋರ್ಟ್ ಒಪ್ಪಿಸಬೇಕು. ಯಾರಾದರೂ ದೊಡ್ಡ ಮೊತ್ತ ಇಡಬೇಕು. ವಿಮಾನ ನಿಲ್ದಾಣದ ಹತ್ತಿರ ಸುಳಿಯಬಾರದು. ಮುಖ್ಯವಾದದ್ದು, ಕೋರ್ಟಿಗೆ ಕೊಟ್ಟ ವಿಳಾಸದಲ್ಲೇ ಇರಬೇಕು, ರಾತ್ರಿ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಹೊರಗೆ ಕಾಲಿಡಬಾರದು, ಕಾಲಿಗೆ ಎಲೆಕ್ಟ್ರಾನಿಕ್ ಟ್ಯಾಗ್. ಆ ವಿಳಾಸ ಯಾವುದು? ಲೆಸ್ಟರ್‌ನಲ್ಲಿ ಅವರಿಗೆ ಬೇರೆ ಯಾರಿದ್ದಾರೆ? ಇಡೀ ಸಿನಿಮಾ ಆ ಮನೆಯಿಂದ ತಪ್ಪಿಸಿಕೊಳ್ಳಲು ಒದ್ದಾಡಿದ ಮೂವರನ್ನು ಕೋರ್ಟೇ ಅಲ್ಲಿಗೆ ಕಳಿಸುತ್ತದೆ. ಎಷ್ಟು ವರ್ಷ ಅಂತ ಯಾರಿಗೂ ಗೊತ್ತಿಲ್ಲ. ಇವರೇ ಹಾಕಿದ ಪ್ರತಿ ಮೇಲ್ಮನವಿಯೂ ಆ ವಾಸವನ್ನು ಉದ್ದ ಮಾಡುತ್ತದೆ. ಇಲ್ಲಿ ಕತೆ ಮುಗಿಸುವುದು ಚಿಕ್ಕಮ್ಮನೇ: ಕೋರ್ಟಿನಲ್ಲಿ ನಿಂತು 'ನಾನು ನೋಡಿಕೊಳ್ಳುತ್ತೇನೆ, ಸ್ವಾಮಿ' ಅನ್ನುವವರು ಅವರು.

ಇದರಲ್ಲಿ ಒಂದು ತೊಡಕಿದೆ. ಕೊಲೆ ಆರೋಪ ಇದ್ದು, ದೇಶ ಬಿಟ್ಟು ಓಡಿಬಂದವರಿಗೆ ಜಾಮೀನು ಸಿಗುವುದು ಬಲು ಕಷ್ಟ. ಆದ್ದರಿಂದ ಹಸ್ತಾಂತರದ ಕೋರಿಕೆಯಲ್ಲಿ ಕೊಲೆ ಇರದಂತೆ ನೋಡಿಕೊಳ್ಳಿ. ಅದಕ್ಕೆ ದಾರಿ ಸುಲಭ. ಕೊಲೆ, ಸುಲಿಗೆ ಫೈಲುಗಳಲ್ಲಿ ಸಾಕ್ಷ್ಯ ಸಾಲದು ಅಂತ ಕೈಬಿಟ್ಟು, ನೀವು ಹೊಸದಾಗಿ ಸೇರಿಸುವ ನಕಲಿ ದಾಖಲೆ ಕೇಸೊಂದನ್ನೇ ಕಳಿಸುತ್ತಾರೆ. ಅದರ ಬೆನ್ನಿಗೇ ಇನ್ನೊಂದು ನಿಯಮ ಬರುತ್ತದೆ. ನಮ್ಮ 1962ರ ಹಸ್ತಾಂತರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಯಾವ ಅಪರಾಧಕ್ಕೆ ಕರೆತಂದಿರೋ ಅದಕ್ಕೆ, ಅಥವಾ ಅದೇ ಸಂಗತಿಗಳಿಂದ ರುಜುವಾಗುವ ಇನ್ನೂ ಚಿಕ್ಕ ಅಪರಾಧಕ್ಕೆ ಮಾತ್ರ ವಿಚಾರಣೆ ಮಾಡಬಹುದು. ಉಳಿದದ್ದಕ್ಕೆ ಆ ದೇಶದ ಒಪ್ಪಿಗೆ ಬೇಕು. ಕೊಟ್ಟ ಮಾತಿನ ತೂಕ ಎಷ್ಟು ಅಂತ ಅಬು ಸಲೇಂ ಪ್ರಕರಣ ತೋರಿಸಿತು. 2005ರಲ್ಲಿ ಪೋರ್ಚುಗಲ್‌ನಿಂದ ತರುವಾಗ, ಗಲ್ಲು ಇಲ್ಲ, 25 ವರ್ಷ ಮೀರಿ ಜೈಲೂ ಇಲ್ಲ ಅಂತ ಭಾರತ ಭರವಸೆ ಕೊಟ್ಟಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್, ಆ ಮಾತು ಉಳಿಸಿಕೊಳ್ಳಲೇಬೇಕು ಅಂದಿತು. ನಿಮ್ಮ ಬಾಸ್ ತಾನೊಬ್ಬ ದೊಡ್ಡ ಡಾನ್ ಅಂತ ಬೀಗುವವನಾದರೆ, ಕೋರ್ಟಿನಲ್ಲಿ ಅವನ ಮೇಲೆ ಓದುವ ಆರೋಪ ನಕಲಿ ರೇಷನ್ ಕಾರ್ಡ್ ಒಂದೇ ಆಗಿರಲಿ. ಇದು ಅತಿ ಅನ್ನಿಸಿದರೆ ಕೇಳಿ: ಛೋಟಾ ರಾಜನ್ ಮಂಡ್ಯದ ವಿಳಾಸ ಕೊಟ್ಟು ಮೋಹನ್ ಕುಮಾರ್ ಅನ್ನುವ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದ್ದ. ಭಾರತಕ್ಕೆ ಬಂದ ಮೇಲೆ 2017ರಲ್ಲಿ ಅವನಿಗೆ ಬಿದ್ದ ಮೊದಲ ಶಿಕ್ಷೆ ಆ ಪಾಸ್‌ಪೋರ್ಟ್ ಕೇಸಿನಲ್ಲೇ, 7 ವರ್ಷ.

ಹಾಗೆ ನೋಡಿದರೆ ಛೋಟಾ ರಾಜನ್ ಬಂದದ್ದು ಹಸ್ತಾಂತರದಿಂದ ಅಲ್ಲ. 2015ರ ಅಕ್ಟೋಬರ್‌ನಲ್ಲಿ ಬಾಲಿಯ ವಿಮಾನ ನಿಲ್ದಾಣದಲ್ಲಿ ಸಿಕ್ಕ, ಇಂಡೋನೇಷ್ಯಾ ಕೆಲವೇ ದಿನಗಳಲ್ಲಿ ಗಡೀಪಾರು ಮಾಡಿತು. 'ನಮ್ಮ ದೇಶದಲ್ಲಿ ಇರಲು ನಿನಗೆ ಹಕ್ಕಿಲ್ಲ, ಹೊರಡು' ಅನ್ನುವುದು ಗಡೀಪಾರು. ಅದು ಬೇಗ ಮುಗಿಯುತ್ತೆ. ನಿಮಗೆ ಪರಪ್ಪನ ಅಗ್ರಹಾರದ ಶಾಟ್ ಬೇಕೇ ಬೇಕು ಅಂದರೆ ಕತೆಯನ್ನು ಅಂಥ ದೇಶಕ್ಕೆ ಒಯ್ಯಬೇಕು. ಲೆಸ್ಟರ್ ಬಿಡಬೇಕಾಗುತ್ತೆ. ನಾನಾದರೆ ಬಿಡಲ್ಲ.

ಎರಡನೇ ದಾರಿ, ಅವರೇ ವಾಪಸ್ ಬರುವುದು. ಆಗಲೇ ಹೇಳಿದೆನಲ್ಲ, ಬ್ರಿಟನ್ನಿನಿಂದ ಬಂದ ಮೊದಲ ಮನುಷ್ಯ ಒಪ್ಪಿಕೊಂಡೇ ಬಂದ. ಚಿಕ್ಕಮ್ಮನ ಶಿಸ್ತಿಗಿಂತ ಜೈಲೇ ವಾಸಿ ಅಂತ ಬಾಸ್ ತೀರ್ಮಾನಿಸುವುದು ಕತೆಯ ಒಳಗಿಂದಲೇ ಹುಟ್ಟುವ ಕೊನೆ. ಪಾಸ್‌ಪೋರ್ಟ್ ರದ್ದಾಗಿದ್ದರೆ ಲಂಡನ್ನಿನ ಭಾರತದ ಹೈಕಮಿಷನ್‌ನಿಂದ ಎಮರ್ಜೆನ್ಸಿ ಸರ್ಟಿಫಿಕೇಟ್ ಪಡೆಯಬೇಕು. ಭಾರತಕ್ಕೆ ಒಂದೇ ಸಲ, ಒಂದೇ ಕಡೆಗೆ ಪ್ರಯಾಣ ಮಾಡಲು ಕೊಡುವ ಕಾಗದ ಅದು. ಅರೆಸ್ಟ್ ಆಗಲು ಅರ್ಜಿ ಹಾಕಿ, ಫೋಟೊ ಸೈಜ್ ಸರಿಯಿಲ್ಲ ಅಂತ ವಾಪಸ್ ಕಳಿಸಿಕೊಂಡು, ಮತ್ತೆ ಸಾಲಿನಲ್ಲಿ ನಿಲ್ಲುವ ರೌಡಿಗಳು. ಲುಕ್ಔಟ್ ಸರ್ಕ್ಯುಲರ್ ಇದ್ದರೆ ಬೆಂಗಳೂರಿನ ಇಮಿಗ್ರೇಷನ್ ಕೌಂಟರ್‌ನಲ್ಲೇ ತಡೆಯುತ್ತಾರೆ. ನಿಮ್ಮ ಇನ್‌ಸ್ಪೆಕ್ಟರ್‌ಗೂ ಅಲ್ಲಿ ನ್ಯಾಯವಾಗಿ ಕೈಕೋಳ ಹಾಕುವ ಅವಕಾಶ ಸಿಗುತ್ತೆ, ನಿರ್ಮಾಪಕರಿಗೂ ಸಮಾಧಾನ. ಅಪಾಯ ಏನಂದರೆ, ಬಾಸ್‌ನ ಮನಸ್ಸು ಬದಲಾದದ್ದನ್ನು ಪ್ರೇಕ್ಷಕರು ನಂಬಬೇಕು. ಅದಕ್ಕೆ ದ್ವಿತೀಯಾರ್ಧದಲ್ಲಿ ಅವನಿಗೆ ಮನೆಯಿಂದ ಹೊರಗೆ ಹೋಗುವ ಒಳ್ಳೆಯ ಅವಕಾಶ ಒಂದು ಸಿಕ್ಕು, ಅದನ್ನು ಚಿಕ್ಕಮ್ಮ ಹಾಳು ಮಾಡಬೇಕು.

ಮೂರನೆಯದು ಸ್ವಲ್ಪ ಕಹಿ ನಗುವಿನದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಸೆಕ್ಷನ್, ತಲೆಮರೆಸಿಕೊಂಡ 'ಘೋಷಿತ ಅಪರಾಧಿ'ಯ, ಅಂದರೆ ಕೋರ್ಟ್ ಹಾಗಂತ ಪ್ರಕಟಿಸಿದ ಆರೋಪಿಯ ವಿಚಾರಣೆಯನ್ನು ಅವನಿಲ್ಲದೆಯೇ ನಡೆಸಲು ಬಿಡುತ್ತದೆ. ಆರೋಪ ನಿಗದಿಯಾಗಿ 90 ದಿನ ಕಳೆದಿರಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಸಂಬಂಧಿಕರಿಗೋ ಸ್ನೇಹಿತರಿಗೋ ತಿಳಿಸಬೇಕು. ವಕೀಲರಿಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲಿ ಒಬ್ಬರನ್ನು ಕೊಡಬೇಕು. ಆ ವಕೀಲ ಬಾಸ್‌ನ ಮುಖವನ್ನೇ ನೋಡದೆ, ಸಾಕ್ಷಿಗಳು ಉಲ್ಟಾ ಹೊಡೆದ ಕಾರಣ ಕೇಸ್ ಗೆದ್ದುಬಿಟ್ಟರೆ? ಇತ್ತ ಇವರು ಲೆಸ್ಟರ್‌ನಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಬಿಡುಗಡೆ ಸುದ್ದಿಯ ಕಾಗದ ಚಿಕ್ಕಮ್ಮನ ಹೆಸರಿಗೆ ಬರುತ್ತದೆ, ಅವರು ಅದನ್ನು ಡ್ರಾಯರ್‌ನಲ್ಲಿ ಇಟ್ಟು ಬೀಗ ಹಾಕುತ್ತಾರೆ. ಇದರಲ್ಲಿ ಕೊಲೆಯಾದವನ ಮನೆಯವರನ್ನು ಸಿನಿಮಾ ಮರೆತಂತೆ ಕಾಣುವ ಅಪಾಯ ಇದೆ. ಸತ್ತವನಿಗೆ ಮೊದಲರ್ಧದಲ್ಲಿ ಹೆಂಡತಿ ಮಕ್ಕಳನ್ನು ತೋರಿಸಿದ್ದರೆ ಈ ಕೊನೆಯಲ್ಲಿ ಯಾರೂ ನಗಲ್ಲ.

ಬರೆಯಲು ಕೂರುವ ಮುಂಚೆ ಕತೆ ಯಾವ ವರ್ಷದ್ದು ಅಂತ ಗಟ್ಟಿ ಮಾಡಿಕೊಳ್ಳಿ. 2024ರ ಜುಲೈಗಿಂತ ಮುಂಚಿನದಾದರೆ 249ರ ಬದಲು ಹಳೇ ದಂಡ ಸಂಹಿತೆಯ 212 ಬರುತ್ತೆ, 111 ಇರಲ್ಲ, ಸಂಘಟಿತ ಅಪರಾಧಕ್ಕೆ ಕರ್ನಾಟಕದ 2000ದ ಕೋಕಾ ಕಾಯ್ದೆ ಹಿಡಿಯಬೇಕು, ಮೂರನೇ ದಾರಿ ಪೂರ್ತಿ ಮುಚ್ಚಿಹೋಗುತ್ತೆ. ಚಿಕ್ಕಪ್ಪನ 45,000 ಪೌಂಡ್ ದಂಡವೂ 2024ರ ಫೆಬ್ರವರಿಯಿಂದ ಈಚಿನದು, ಅದಕ್ಕೆ ಮುಂಚೆ ಗರಿಷ್ಠ 20,000 ಇತ್ತು.